ಮೂವತ್ತೈದಕ್ಕೆ ಪಾಸ್

ಫೆಬ್ರವರಿ 4

ಗುಬ್ಬಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಒಂದಕ್ಷರವೂ ನನ್ನ ತಲೆಗೆ ಹತ್ತಲಿಲ್ಲ. ಒಂದು ಕಡೆ ಹೊಲಿಗೆ ಯಂತ್ರದ ಸದ್ದು, ಇನ್ನೊಂದು ಕಡೆ ನೀನು ಮಾತಾಡುವ ವೇಗ. "ಹೂಂ, ಹೂಂ" ಅಂದೆನಲ್ಲ, ಅದೆಲ್ಲ ಬರೀ ಮರ್ಯಾದೆಗೆ. ಇನ್ನು ಮೇಲೆ ವೆಬ್‌ಸೈಟಿನ ವಿಷಯ ಏನಿದ್ದರೂ ಕಾಗದದಲ್ಲೇ ಬರಿ. ಕಾಗದವಾದರೆ ನಾಲ್ಕು ಸಲ ಓದಬಹುದು, ಆಗಲೂ ಅರ್ಥವಾಗದಿದ್ದರೆ ನಿನ್ನ ಅಣ್ಣನ ಮೇಲೆ ರೇಗಬಹುದು.

ನಾನು ಕೇಳಬೇಕಾದದ್ದು ಇಷ್ಟೇ. ನೀನು ನಮ್ಮ ಬೂಟಿನ ಅಂಗಡಿಗೆ ವೆಬ್‌ಸೈಟು ಮಾಡಿಕೊಟ್ಟು ಅರ್ಧ ವರ್ಷವಾಯಿತು. ನೋಡಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. "ನಿಮ್ಮ ನಡಿಗೆಗೆ ಹೊಂದುವ ವಿಶೇಷ ಪಾದರಕ್ಷೆ" ಅಂತ ಎಷ್ಟು ನಯವಾಗಿ ಬರೆದಿದ್ದೀಯ. ಆದರೆ ಅದನ್ನು ನೋಡಿ ಬಂದೆ ಅಂದವರು ಒಬ್ಬರೂ ಇಲ್ಲ. ಒಂದು ಕಾಲು ಸ್ವಲ್ಪ ಕಡಿಮೆ ಇರುವವರಿಗೆ ಒಂದೇ ಬೂಟಿನ ಅಟ್ಟೆ ಎತ್ತರಿಸಿ, ಜೋಡಿ ನೋಡಿದರೆ ಗೊತ್ತೇ ಆಗದ ಹಾಗೆ ಮಾಡುವವರು ಈ ಸುತ್ತಿನಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಆದರೂ ಅಂತರ್ಜಾಲದಲ್ಲಿ ಹುಡುಕಿದರೆ ನಾವು ಸಿಗುವುದಿಲ್ಲವಂತೆ. ಯಾಕೆ?

ಇದನ್ನು ಈಗಲೇ ಕೇಳಲು ಕಾರಣವಿದೆ. ಮಾಲೀಕರು ಬಾಡಿಗೆ ಏರಿಸುತ್ತಾರಂತೆ. ಇಲ್ಲೇ ಹಿಂದಿನ ಓಣಿಯಲ್ಲಿ ಒಂದು ಕೋಣೆ ಕಡಿಮೆಗೆ ಸಿಗುತ್ತದೆ. ಜನ ವೆಬ್‌ಸೈಟು ನೋಡಿ ಬರುವಂತಾದರೆ ದೊಡ್ಡ ರಸ್ತೆಯ ಮೇಲೆ ಅಂಗಡಿ ಯಾಕೆ ಬೇಕು ಅಂತ ನನ್ನ ಲೆಕ್ಕ. ನಿನ್ನ ಅಣ್ಣ ಏನೂ ಅನ್ನುವುದಿಲ್ಲ. ಮರದ ಅಚ್ಚು ಕೆತ್ತುತ್ತಾ ಕೂತರೆ ಅವರಿಗೆ ರಸ್ತೆಯೂ ಒಂದೇ ಓಣಿಯೂ ಒಂದೇ.

ನಿನ್ನ ಅತ್ತಿಗೆ

ಫೆಬ್ರವರಿ 15

ಅತ್ತಿಗೆ,

ಬೈದು ಬರೆದರೂ ನಿಮ್ಮ ಅಕ್ಷರ ನೋಡಿ ಖುಷಿಯಾಯಿತು.

ಸುಲಭವಾಗಿ ಹೇಳುತ್ತೇನೆ. ಬೇರೆಯವರ ಪುಟದಲ್ಲಿ ಒಂದು ಸಾಲನ್ನು ಒತ್ತಿದರೆ ನಮ್ಮ ಪುಟ ತೆರೆದುಕೊಳ್ಳುವ ಹಾಗೆ ಮಾಡಿದ್ದರೆ ಅದಕ್ಕೆ ಕೊಂಡಿ ಅನ್ನುತ್ತೇವೆ. ಒಬ್ಬರು ನಮ್ಮ ಪರವಾಗಿ ಹೇಳಿದ ಒಳ್ಳೆಯ ಮಾತು ಅಂತ ಇಟ್ಟುಕೊಳ್ಳಿ. ಅಂಥ ಕೊಂಡಿಗಳನ್ನೆಲ್ಲ ಎಣಿಸಿ, ತೂಗಿ, ಪ್ರತಿ ವೆಬ್‌ಸೈಟಿಗೂ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ನಮ್ಮದು ಈಗ ಒಂಬತ್ತು. ಅದಕ್ಕೇ ಹಿಂದೆ ಬಿದ್ದಿದ್ದೇವೆ. ಕೊಂಡಿ ತರಿಸುವ ಕೆಲಸ ನನಗೆ ಬಿಡಿ, ಕಚೇರಿಯಲ್ಲಿ ದಿನಾ ಮಾಡುವುದು ಅದನ್ನೇ.

ಮೂವತ್ತೈದು ದಾಟಿದರೆ ಪಾಸ್ ಅಂದುಕೊಳ್ಳಿ. ಅಣ್ಣನಿಗೆ ಹೇಳಿ, ಅವನು ಗಣಿತದಲ್ಲಿ ತೆಗೆದುಕೊಳ್ಳುತ್ತಿದ್ದುದಕ್ಕಿಂತ ಬೇಗ ನಾನು ತೆಗೆದುಕೊಡುತ್ತೇನೆ.

ಗುಬ್ಬಿ

ಮಾರ್ಚ್ 22

ಗುಬ್ಬಿ,

ನೀನು ಕಳಿಸಿದ ಚಿತ್ರ ಬಂತು. ಇಪ್ಪತ್ತೆರಡು, ಪಕ್ಕದಲ್ಲಿ ಹಸಿರು ಬಾಣ. ಅದನ್ನು ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಒಬ್ಬ ಗಿರಾಕಿ ಅದನ್ನು ನೋಡಿ "ಮಗನದಾ? ಪರವಾಗಿಲ್ಲ ಬಿಡಿ, ಮುಂದಿನ ಸಲ ಬರುತ್ತೆ" ಅಂತ ಸಮಾಧಾನ ಹೇಳಿ ಹೋದರು. ನಿನ್ನ ಅಣ್ಣ ನಕ್ಕಿದ್ದು ನೋಡಿ ಎಷ್ಟು ದಿನವಾಗಿತ್ತು.

ಎರಡು ಅನುಮಾನ. ಪಕ್ಕದ ಫೋಟೊ ಸ್ಟುಡಿಯೋದವರ ಹತ್ತಿರ ನಮಗೆ ಕೊಂಡಿ ಕೊಟ್ಟವರ ಪುಟಗಳನ್ನು ತೆಗೆಸಿ ನೋಡಿದೆ. ಒಂದು ಬೊಜ್ಜು ಕರಗಿಸುವ ಪುಡಿ ಮಾರುವವರದು, ಇನ್ನೊಂದು ನಾಯಿಮರಿಗಳದು, ಇನ್ನೊಂದರಲ್ಲಿ ಏನಿದೆ ಅಂತ ಸ್ಟುಡಿಯೋದವರು ನೋಡಿ ತಟ್ಟನೆ ಮುಚ್ಚಿಬಿಟ್ಟರು. ಇವರಿಗೆಲ್ಲ ನಮ್ಮ ಬೂಟಿನ ಮೇಲೆ ಯಾಕಮ್ಮಾ ಇಷ್ಟು ಪ್ರೀತಿ?

ಎರಡನೆಯದು. ರೈಲು ಹಳಿ ಆಚೆ ಒಬ್ಬ ರಿಪೇರಿಯವನಿದ್ದಾನಲ್ಲ, ಯಾವ ಬೂಟು ಕೊಟ್ಟರೂ ಕೆಳಗೆ ರಬ್ಬರ್ ಅಂಟಿಸಿ ಕೊಡುವವನು. ಅವನ ಅಂಕವನ್ನೂ ನೋಡಿದೆ. ಆರು. ಆದರೆ ಹುಡುಕಿದರೆ ಅವನೇ ಮೇಲೆ ಬರುತ್ತಾನೆ, ನಾವು ಎಲ್ಲೋ ಮೂರನೇ ಪುಟದಲ್ಲಿ. ಆರು ತೆಗೆದವನು ಮುಂದಿನ ಬೆಂಚಿನಲ್ಲಿ, ಇಪ್ಪತ್ತೆರಡು ತೆಗೆದವರು ಬಾಗಿಲ ಹೊರಗೆ. ಇದು ಯಾವ ನ್ಯಾಯ?

ಅತ್ತಿಗೆ

ಏಪ್ರಿಲ್ 3

ಅತ್ತಿಗೆ,

ಅವನದು ಹಳೆಯ ಪುಟ, ಅದಕ್ಕೆ ಇರಬಹುದು. ಇಂಥವು ನಡುವೆ ಒಂದೆರಡು ಇದ್ದೇ ಇರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಂಕ ಈಗ ಮೂವತ್ತೊಂದು. ಫಲ ಕಾಣಲು ಸ್ವಲ್ಪ ಸಮಯ ಬೇಕು.

ಸ್ಟುಡಿಯೋದವರ ಕೈಲಿ ಅದನ್ನೆಲ್ಲ ತೆಗೆಸಿ ನೋಡಬೇಡಿ. ಅವರಿಗೆ ಇದರ ಗಂಧ ಗಾಳಿ ಗೊತ್ತಿಲ್ಲ.

ಗುಬ್ಬಿ

ಏಪ್ರಿಲ್ 19

ಗುಬ್ಬಿ,

ಮೂವತ್ತೆಂಟು ಬಂದಿದೆ. ನೀನು ಹೇಳುವ ಮೊದಲೇ ನೋಡಿದೆ, ಬೈಯಬೇಡ. ಪಾಸ್ ಆದೆವು.

ಮಾಲೀಕರು ತಿಂಗಳ ಕೊನೆಯೊಳಗೆ ಉತ್ತರ ಹೇಳಿ ಅಂದಿದ್ದಾರೆ. ಅವರ ಬಾವಮೈದ ಮೊಬೈಲ್ ಅಂಗಡಿ ಹಾಕಲು ಕಾದು ಕೂತಿದ್ದಾನೆ. ಒಮ್ಮೆ ಬಿಟ್ಟರೆ ಈ ಜಾಗ ಮತ್ತೆ ನಮಗೆ ಸಿಗುವುದಿಲ್ಲ, ಅದು ನನಗೂ ಗೊತ್ತು. ನಿನ್ನ ಅಣ್ಣ "ಗುಬ್ಬಿ ಏನಂತಾಳೆ ಕೇಳು" ಅಂದರು. ಅವರು ಬಾಯಿಬಿಟ್ಟು ಹೇಳಿದ್ದು ಅಷ್ಟೇ.

ಉದ್ದಕ್ಕೆ ಬರೆಯಬೇಡ. ಬಿಡಲಾ, ಬೇಡವಾ, ಒಂದು ಸಾಲು ಸಾಕು.

ಅತ್ತಿಗೆ

ಏಪ್ರಿಲ್ 27

ಅತ್ತಿಗೆ,

ಕೈತುಂಬ ಕೆಲಸ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಂಕ ನಲವತ್ತೊಂದಾಗಿದೆ. ಚಿತ್ರ ಕಳಿಸಿದ್ದೇನೆ.

ಅಂಗಡಿಯ ವಿಚಾರ ನೀವೂ ಅಣ್ಣನೂ ಕೂತು ಯೋಚಿಸಿ. ದೂರದಲ್ಲಿರುವ ನಾನು ಏನು ಹೇಳಲಿ.

ಗುಬ್ಬಿ

ಜೂನ್ 11

ಗುಬ್ಬಿ,

ಓಣಿಯ ಕೋಣೆಗೆ ಬಂದು ತಿಂಗಳಾಯಿತು. ಒಂದೇ ಕಿಟಕಿ, ಆದರೆ ಬೆಳಕು ಚೆನ್ನಾಗಿ ಬರುತ್ತದೆ. ಅಚ್ಚುಗಳನ್ನು ಸೂರಿನವರೆಗೂ ಜೋಡಿಸಿದ್ದೇವೆ. ಅಳತೆ ಕೊಡಲು ಬಂದವರಿಗೆ ಪರದೆ ಕಟ್ಟಲು ಜಾಗ ಸಾಲದೆ, ಬಾಗಿಲು ಮುಚ್ಚಿಯೇ ಅಳತೆ ತೆಗೆಯುತ್ತೇನೆ. ಎದುರಿಗೆ ಇಸ್ತ್ರಿಯವರು, ಒಳ್ಳೆಯ ಜನ. ಗಿರಾಕಿಗಳು ಬರುತ್ತಾರೆ, ಪರವಾಗಿಲ್ಲ. ನೀನು ಚಿಂತೆ ಮಾಡಬೇಡ.

ನಲವತ್ತೊಂದು ಹಾಗೇ ಇದೆ ತಾನೇ? ಕಾಪಾಡಿಕೋ.

ಅತ್ತಿಗೆ

ಕಾಗದ ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾಳೆ. ಯಾರೂ ಬರುತ್ತಿಲ್ಲ. ನಿನ್ನ ಅತ್ತಿಗೆ ಸುಳ್ಳು ಬರೆದಿದ್ದಾಳೆ. ನಾನು ಸೇರಿಸಿದ್ದು ಅವಳಿಗೆ ಗೊತ್ತಿಲ್ಲ. — ಅಣ್ಣ

ಜೂನ್ 18

ಅತ್ತಿಗೆ,

ಈ ಕಾಗದವನ್ನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ಅಣ್ಣನಿಗೂ ಓದಿ ಹೇಳಿ.

ಆ ಅಂಕವನ್ನು ಹುಡುಕುವ ಯಂತ್ರ ನೋಡುವುದೇ ಇಲ್ಲ. ಅದನ್ನು ಹಾಕುವುದು ಬೇರೆ ಒಂದು ಕಂಪನಿ, ತನ್ನದೇ ಲೆಕ್ಕದಲ್ಲಿ. ಯಾವ ಪುಟವನ್ನು ಮೇಲೆ ತರಬೇಕು ಅನ್ನುವವರು ಬೇರೆ, ಅವರ ಲೆಕ್ಕ ಬೇರೆ. ಕೊಂಡಿಗೆ ಬೆಲೆಯೇ ಇಲ್ಲ ಅಂತಲ್ಲ. ನಿಮ್ಮ ಬೂಟು ಹಾಕಿಕೊಂಡ ಒಬ್ಬರು, ಒಬ್ಬ ಮೂಳೆ ಡಾಕ್ಟರು, ಮನಸ್ಸಿನಿಂದ ನಮ್ಮ ಹೆಸರು ಹಾಕಿ ಕೊಂಡಿ ಕೊಟ್ಟರೆ ಅದಕ್ಕೆ ಬೆಲೆ ಇದೆ. ಅಂಥ ಕೊಂಡಿ ಬಹಳ ಇರುವ ದೊಡ್ಡ ಪುಟಗಳಿಗೆ ಅಂಕವೂ ಹೆಚ್ಚಿರುತ್ತದೆ, ಹುಡುಕಿದಾಗ ಅವೇ ಮೇಲೂ ಬರುತ್ತವೆ. ಎರಡೂ ಜೊತೆಗೆ ಕಾಣುವುದರಿಂದ ಅಂಕದಿಂದಲೇ ಮೇಲೆ ಬಂದರು ಅನ್ನಿಸುತ್ತದೆ. ನಾನು ತರಿಸಿದ್ದು ಬೊಜ್ಜು ಕರಗಿಸುವವರ ಕೊಂಡಿ. ಕೊಂಡಿ ಮಾರಲೆಂದೇ ಮಾಡಿಟ್ಟ ಪುಟಗಳು ಅವು. ಅಂಕ ಏರಿತು, ಬೇರೆ ಏನೂ ಆಗಲಿಲ್ಲ.

ನಮ್ಮ ಕಚೇರಿಯಲ್ಲಿ ಗಿರಾಕಿಗಳಿಗೆ ತಿಂಗಳಿಗೊಮ್ಮೆ ಹಸಿರು ಬಾಣ ತೋರಿಸುತ್ತೇವೆ. ಅವರೂ ಖುಷಿ, ನಾವೂ ಖುಷಿ. ನಿಮಗೂ ಅದನ್ನೇ ತೋರಿಸಿದೆ. ಮೂವತ್ತೈದಕ್ಕೆ ಪಾಸ್ ಅಂದದ್ದು ತಮಾಷೆಗೆ. ನೀವು ಅದನ್ನೇ ನಂಬಿ ಅಂಗಡಿ ಬಿಡಲು ಹೊರಟಾಗ ನನ್ನ ಬಾಯಿ ಕಟ್ಟಿಹೋಯಿತು. ಬೇಡ ಅಂದರೆ ಯಾಕೆ ಅಂತ ಕೇಳುತ್ತಿದ್ದಿರಿ. ನಾಚಿಕೆಯಾಗುತ್ತಿದೆ ಅತ್ತಿಗೆ. ನಿಮ್ಮ ಕಾಗದ ಎದುರಿಗಿಟ್ಟುಕೊಂಡು "ನೀವೇ ಯೋಚಿಸಿ" ಅಂತ ಬರೆದ ಕೈ ನನ್ನದು.

ಗುಬ್ಬಿ

ಜುಲೈ 2

ಗುಬ್ಬಿ,

ಮೊದಲು ನಾನು ಬರೆದ ಕಾಗದ ಹರಿದು ಹಾಕಿದೆ. ಅದರಲ್ಲಿ ಬರೀ ಬೈಗುಳ ಇತ್ತು. ಈಗಲೂ ಸಿಟ್ಟು ಇಳಿದಿಲ್ಲ. ಒಂದು ಸಾಲು ಸಾಕು ಅಂತ ಕೇಳಿದ್ದೆ, "ಬೇಡ" ಅಂತ ಎರಡಕ್ಷರ ಬರೆಯಲು ನಿನಗೆ ಏನಾಗಿತ್ತು? ಬಾಡಿಗೆ ಹೇಗೋ ತೂಗಿಸುತ್ತಿದ್ದೆವು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಯ ದೀಪ ಉರಿಯುತ್ತಿದೆ, ನಾನು ಆ ಕಡೆ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ. ಪಕ್ಕದವರೆಲ್ಲ ಬೇಡ ಅಂದಾಗ "ನಮ್ಮ ನಾದಿನಿಗೆ ಇದೇ ಕೆಲಸ" ಅಂತ ಎದೆಯುಬ್ಬಿಸಿ ಹೇಳಿದವಳು ನಾನು.

ಅದಿರಲಿ. ಕಳೆದ ವಾರ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಎಂಟನೇ ಕ್ಲಾಸು. ಹಳಿ ಆಚೆಯವನ ಹತ್ತಿರ ರಬ್ಬರ್ ಹಾಕಿಸಿದ್ದರಂತೆ. ಅದು ಶಾಲೆಯ ಮೆಟ್ಟಿಲ ಮೇಲೆ ಕಿತ್ತು ಬಂದು, ಮಗು ಬಿದ್ದು, ಹಿಮ್ಮಡಿಯ ಮೇಲೆ ಊತ. ಆಮೇಲೆ ಯಾರೋ ನಮ್ಮ ಹೆಸರು ಹೇಳಿದರಂತೆ. "ಅಂತರ್ಜಾಲದಲ್ಲಿ ಹುಡುಕಲಿಲ್ಲವಾ?" ಅಂದೆ.

"ಹುಡುಕಿದೆ ಕಣ್ರೀ," ಅಂದಳು. "ಮಗಳಿಗೆ ಒಂದು ಕಾಲು ಗಿಡ್ಡ, ಕುಂಟದೆ ನಡೆಯೋಕೆ ಬೂಟು, ಅಂತಾನೇ ಹಾಕಿದೆ. ಅವನದು ಬಂತು. ನಿಮ್ಮದನ್ನ ಈಗ ನೋಡಿದೆ, ನೀವು ಏನು ಮಾಡ್ತೀರಿ ಅಂತ ಅದರಲ್ಲಿ ಎಲ್ಲೂ ಇಲ್ಲವಲ್ಲ. ಮೊದಲೇ ನೋಡಿದ್ರೂ ಯಾವುದೋ ಮದುವೆ ಬೂಟು ಅಂದ್ಕೋತಿದ್ದೆ."

ಆಮೇಲೆ ಅವನ ಪುಟ ತೆಗೆಸಿ ಓದಿದೆ. ತಪ್ಪು ತಪ್ಪು ಅಕ್ಷರದಲ್ಲಿ, "ಒಂದು ಕಾಲು ಗಿಡ್ಡ ಇದ್ದು ಕುಂಟುವವರಿಗೆ ಬೂಟು ಎತ್ತರ ಮಾಡಿ ಕೊಡಲಾಗುವುದು" ಅಂತ ಮೊದಲ ಸಾಲಿನಲ್ಲೇ ಇದೆ. ನಮ್ಮ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಕಾಲು ಅನ್ನುವ ಪದವೇ ಇಲ್ಲ. ಗಿಡ್ಡ ಇಲ್ಲ. ಕುಂಟು ಇಲ್ಲ. ನಡಿಗೆ, ಸೊಬಗು, ಆತ್ಮವಿಶ್ವಾಸ ಎಲ್ಲ ಇದೆ.

ಅಂಕದ ಮನೆ ಹಾಳಾಗಲಿ. ಆ ಮಾತನ್ನು ಪುಟದ ಮೇಲೆ ಹಾಕು. ಜನ ಏನಂತ ಕೇಳುತ್ತಾರೋ ಅದೇ ಮಾತು, ದೊಡ್ಡ ಅಕ್ಷರದಲ್ಲಿ.

ಅತ್ತಿಗೆ

ಆಗಸ್ಟ್ 19

ಅತ್ತಿಗೆ,

ಇಷ್ಟು ದಿನ ಉತ್ತರ ಬರಲಿಲ್ಲ ಅಂತ ಎರಡು ಕಾಗದ ಹಾಕಿದಿರಿ, ಎರಡೂ ಬಂದವು. ಪುಟವನ್ನು ತೆರೆದು ಕೂರುವುದು, ಮುಚ್ಚುವುದು, ಇದೇ ಆಗಿತ್ತು.

ಜೂನ್‌ನಲ್ಲಿ ನಾನು ಹೇಳಿದ್ದು ಅರ್ಧ. ಮಿಕ್ಕರ್ಧ ಇದು. ಜನ ಹುಡುಕುವಾಗ ಯಾವ ಮಾತು ಬರೆಯುತ್ತಾರೆ ಅಂತ ನೋಡುವ ಸಾಧನ ನಮ್ಮ ಕಚೇರಿಯಲ್ಲಿದೆ. ನಿಮ್ಮ ವೆಬ್‌ಸೈಟು ಮಾಡಲು ಕೂತಾಗ ಮೊದಲು ನೋಡಿದ್ದೇ ಅದನ್ನು. ಎಲ್ಲಕ್ಕಿಂತ ಮೇಲೆ ಇದ್ದದ್ದು "ಕುಂಟು ಕಾಲು". ನೋಡಿ ಮುಚ್ಚಿಬಿಟ್ಟೆ. ಅಂದರೆ ಅಂಕ ಸುಳ್ಳು ಅಂತ ಮಾತ್ರವಲ್ಲ, ನಿಜವಾಗಿ ಯಾವುದು ಬೇಕು ಅನ್ನುವುದೂ ನನಗೆ ಮೊದಲ ದಿನದಿಂದ ಗೊತ್ತಿತ್ತು.

ಆ ಮಾತು ಶಾಲೆಯಲ್ಲಿ ನನ್ನ ಹೆಸರಾಗಿತ್ತು, ನಿಮಗೆ ಗೊತ್ತಿದೆ. ಅಣ್ಣ ಮೊದಲ ಜೋಡಿ ಮಾಡಿಕೊಟ್ಟ ಮೇಲೆ ಆ ಹೆಸರು ನಿಂತಿತು. ಈ ಊರಿನಲ್ಲಿ, ಈ ಕಚೇರಿಯಲ್ಲಿ, ನನ್ನ ಎಡಗಾಲಿನ ವಿಷಯ ಒಬ್ಬರಿಗೂ ಗೊತ್ತಿಲ್ಲ. ಬೂಟು ಅಷ್ಟು ಚೆನ್ನಾಗಿದೆ. ಎಲ್ಲರೂ ಚಪ್ಪಲಿ ಬಿಚ್ಚಿ ಒಳಗೆ ಹೋಗುವ ಮನೆಗೆ ನಾನು ಹೋಗುವುದೇ ಇಲ್ಲ, ಏನಾದರೂ ನೆಪ ಹೇಳುತ್ತೇನೆ. ನೀವಿಬ್ಬರೂ ಸೇರಿ ನನ್ನ ಕಾಲನ್ನು ಜನರ ಕಣ್ಣಿಂದ ಕಾಪಾಡಿದಿರಿ, ನಾನು ನಿಮ್ಮ ಅಂಗಡಿಯನ್ನೇ ಜನರ ಕಣ್ಣಿಗೆ ಬೀಳದ ಹಾಗೆ ಮಾಡಿದೆ. ಆ ಮಾತನ್ನು ಬರೆಯುವುದಕ್ಕಿಂತ ನೂರು ಕೊಂಡಿ ತರಿಸುವುದು ನನಗೆ ಸುಲಭವಿತ್ತು. ಅಂಕ ಏರಿದಾಗೆಲ್ಲ, ನೋಡು ಆ ಮಾತು ಬರೆಯದೆಯೂ ಆಯಿತು, ಅಂತ ನನ್ನನ್ನೇ ನಂಬಿಸಿಕೊಳ್ಳುತ್ತಿದ್ದೆ.

ಬಿದ್ದ ಹುಡುಗಿ ಕಣ್ಣ ಮುಂದೆಯೇ ಇದ್ದಾಳೆ. ಅವಳ ತಾಯಿ ಕೈಯಾರೆ ಆ ಮಾತನ್ನು ಬರೆದು ಹುಡುಕಿದಳು, ಎದುರಿಗೆ ನಾವಿರಬೇಕಿತ್ತು. ನನ್ನಿಂದ ಬಿದ್ದಳು ಅವಳು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಗುಬ್ಬಿ

ಆಗಸ್ಟ್ 28

ಗುಬ್ಬಿ,

ನಿನ್ನ ಕಾಗದ ನಿನ್ನ ಅಣ್ಣ ಓದಿದರು. ಓದಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಬಂದು "ಹುಡುಗೀದು ಊತ ಇಳೀತಂತೆ, ಅಳತೆ ಕೊಟ್ಟಿದ್ದಾಳೆ ಅಂತ ಅವಳಿಗೆ ಬರಿ" ಅಂದರು. ಬರೆದಿದ್ದೇನೆ.

ನನಗೆ ಇದು ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಳಿ ಆಚೆಯವನ ಪುಟ ಓದಿದ ದಿನವೇ, ನೀನು ಯಾಕೆ ಬರೆದಿಲ್ಲ ಅಂತ ಅರ್ಥವಾಗಿತ್ತು. ಆದರೂ "ದೊಡ್ಡ ಅಕ್ಷರದಲ್ಲಿ ಹಾಕು" ಅಂತ ಬರೆದೆ. ಸಿಟ್ಟಿನಲ್ಲಿ, ನೋಯಲಿ ಅಂತಲೇ ಬರೆದೆ. ಅದಕ್ಕೆ ನನಗೂ ನಾಚಿಕೆಯಿದೆ.

ಇನ್ನೊಂದು ಮಾತು. ನಿನ್ನ ಕಾಲಿಗೆಂದು ಶುರುವಾದ ಕೆಲಸ ಇದು, ಇಷ್ಟು ವರ್ಷ ನಮಗೆ ಅನ್ನ ಹಾಕಿದೆ. ಆದರೂ ನಾನು ಈ ಮನೆಗೆ ಬಂದಾಗಿನಿಂದ ಆ ಮಾತು ಇಲ್ಲಿ ಎತ್ತಬಾರದು ಅಂತ ಎಲ್ಲರ ಬಾಯಿ ಮುಚ್ಚಿಸಿದವಳು ನಾನೇ. ಅಂಗಡಿಯಲ್ಲಿ ಮುಂದೆ ಮಾಮೂಲಿ ಬೂಟು ಜೋಡಿಸಿ, ನಿನ್ನಂಥವರನ್ನು ಪರದೆಯ ಹಿಂದೆ ಕೂರಿಸುತ್ತಿದ್ದೆ. ಅವರ ಮರ್ಯಾದೆಗೆ ಅಂತ ಅಂದುಕೊಂಡಿದ್ದೆ. ಅಂಗಡಿಯ ಮರ್ಯಾದೆಗೂ ಇತ್ತೇನೋ. ನೀನು ಬೆಳೆದದ್ದು ಆ ಪರದೆ ನೋಡಿಕೊಂಡೇ ಅಲ್ಲವಾ.

ನಿನ್ನಿಂದ ಬರೆಯಲು ಆಗದಿದ್ದರೆ ಬಿಡು, ಸ್ಟುಡಿಯೋದವರ ಕೈಲಿ ಬರೆಸುತ್ತೇನೆ. ಆದರೆ ಬರೆಸುವುದು ಮಾತ್ರ ಖಂಡಿತ. ಇನ್ನೊಂದು ಮಗು ಅವನ ರಬ್ಬರ್ ಹಾಕಿಕೊಂಡು ಬೀಳುವುದು ಬೇಡ.

ಅತ್ತಿಗೆ

ಸೆಪ್ಟೆಂಬರ್ 16

ಅತ್ತಿಗೆ,

ಸ್ಟುಡಿಯೋದವರು ಬೇಡ. ನಾನೇ ಬರೆದೆ.

ಮೊದಲು "ಒಂದು ಕಾಲು ಗಿಡ್ಡ ಇರುವವರಿಗೆ" ಅಂತ ಶುರುಮಾಡಿದೆ. ಯಾರೋ ಮೂರನೆಯವರ ಬಗ್ಗೆ ಹೇಳಿದ ಹಾಗಿತ್ತು. ಅಳಿಸಿ ಹೀಗೆ ಬರೆದಿದ್ದೇನೆ:

"ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ. ಹುಟ್ಟಿನಿಂದ ಹಾಗೆ. ಕುಂಟಿ ಅಂತ ಕರೆಸಿಕೊಂಡಿದ್ದೇನೆ. ನನ್ನ ಅಣ್ಣ ಮತ್ತು ಅತ್ತಿಗೆ ಮಾಡುವ ಬೂಟು ಹಾಕಿಕೊಂಡರೆ ನಾನು ಕುಂಟುವುದಿಲ್ಲ. ನಿಮಗೂ, ನಿಮ್ಮ ಮಗುವಿಗೂ ಮಾಡಿಕೊಡುತ್ತಾರೆ. ರಬ್ಬರ್ ಅಂಟಿಸುವುದಿಲ್ಲ, ಪ್ರತಿ ಕಾಲಿಗೂ ಮರದ ಅಚ್ಚು ಬೇರೆ ಕೆತ್ತುತ್ತಾರೆ. ಅಂಗಡಿ ಈಗ ಹಿಂದಿನ ಓಣಿಯಲ್ಲಿದೆ."

ಕೆಳಗೆ ಓಣಿಗೆ ಬರುವ ದಾರಿ ಬರೆದಿದ್ದೇನೆ. ಜೊತೆಗೆ ಒಂದು ಫೋಟೊ. ಬೂಟು ಬಿಚ್ಚಿ ಮುಂದೆ ಇಟ್ಟು, ಹಿಂದೆ ಬರಿಗಾಲಲ್ಲಿ ನಾನು ನಿಂತಿದ್ದೇನೆ. ತೆಗೆದುಕೊಟ್ಟದ್ದು ಕಚೇರಿಯಲ್ಲಿ ನನ್ನ ಪಕ್ಕದಲ್ಲಿ ಕೂರುವವಳು. ಬೂಟು ಬಿಚ್ಚಿದಾಗ ಅವಳು ನೋಡಿದಳು, ನೋಡಿ ಫೋಟೊ ತೆಗೆದಳು. ನನ್ನ ಕಿವಿ ಬಿಸಿಯಾಗಿ ಸಂಜೆಯವರೆಗೂ ತಣ್ಣಗಾಗಲಿಲ್ಲ. ಮುಖ ಕತ್ತರಿಸಿ ಹಾಕೋಣ ಅಂದುಕೊಂಡಿದ್ದೆ. ಕತ್ತರಿಸಿಲ್ಲ.

ಬೊಜ್ಜಿನವರ ಕೊಂಡಿಗಳನ್ನೆಲ್ಲ ತೆಗೆಸುತ್ತಿದ್ದೇನೆ. ಅಂಕ ಇಳಿಯುತ್ತದೆ, ನೋಡಿ ಗಾಬರಿಯಾಗಬೇಡಿ. ದೊಡ್ಡ ರಸ್ತೆಯ ಅಂಗಡಿ ಮಾತ್ರ ನನ್ನಿಂದ ವಾಪಸ್ ತಂದುಕೊಡಲು ಆಗುವುದಿಲ್ಲ.

ಗುಬ್ಬಿ

ಅಕ್ಟೋಬರ್ 9

ಗುಬ್ಬಿ,

ನಿವೃತ್ತಿಯಾದ ಮೇಷ್ಟ್ರೊಬ್ಬರು ನಿನ್ನೆ ಓಣಿ ಹುಡುಕಿಕೊಂಡು ಬಂದರು. ಪುಟ ನೋಡಿ ಬಂದೆ ಅಂದರು. ಯಾರೂ ಕೇಳದೆಯೇ ಬಾಗಿಲು ತೆರೆದಿರುವಾಗಲೇ ಕೂತು ಬೂಟು ಬಿಚ್ಚಿದರು. ಇಸ್ತ್ರಿಯವರು ನೋಡುತ್ತಿದ್ದರು, ನೋಡಲಿ ಅಂತ ಬಾಗಿಲು ತೆರೆದಿಟ್ಟೇ ಅಳತೆ ತೆಗೆದೆ. ಇವತ್ತು ಇನ್ನಿಬ್ಬರು ಫೋನ್ ಮಾಡಿದ್ದಾರೆ. ದೊಡ್ಡ ರಸ್ತೆಯಷ್ಟು ಆಗುವುದಿಲ್ಲ, ಈ ವರ್ಷವಂತೂ ಕಷ್ಟವೇ. ನೋಡೋಣ.

ನಿನ್ನ ಫೋಟೊವನ್ನು ನಿನ್ನ ಅಣ್ಣನಿಗೆ ಸ್ಟುಡಿಯೋದಲ್ಲಿ ದೊಡ್ಡದು ಮಾಡಿ ತೋರಿಸಿದರು. ಅವರು ಅಳುತ್ತಾರೇನೋ ಅಂತ ನಾನು ಸೆರಗು ಹಿಡಿದು ನಿಂತಿದ್ದೆ. ಅವರು ನಿನ್ನ ಮುಖ ನೋಡಲಿಲ್ಲ, ಕಾಲೂ ನೋಡಲಿಲ್ಲ. ಮುಂದೆ ಇಟ್ಟಿದ್ದೀಯಲ್ಲ, ಆ ಬೂಟನ್ನೇ ನೋಡಿದರು.

"ಇದು ನಾನು ನಾಲ್ಕು ವರ್ಷದ ಹಿಂದೆ ಮಾಡಿದ ಜೋಡಿ," ಅಂದರು. "ಎಡಗಡೆಯದರ ಅಟ್ಟೆ ಪೂರ್ತಿ ಕೂತುಬಿಟ್ಟಿದೆ. ಒಳಗೆ ರಟ್ಟು ಮಡಚಿ ತುರುಕಿದ್ದಾಳೆ ನೋಡು, ಅಂಚು ಕಾಣ್ತಿದೆ. ಇದನ್ನ ಹಾಕ್ಕೊಂಡು ಓಡಾಡಿದ್ರೆ ಸೊಂಟ ಹಿಡ್ಕೊಂಡಿರುತ್ತೆ. ಕೇಳು ಅವಳನ್ನ."

ಅದಕ್ಕೆ ಕೇಳುತ್ತಿದ್ದೇನೆ. ನೋಯುತ್ತದಾ? ಎಷ್ಟು ದಿನದಿಂದ? ನೀನು ಒಂದು ಕಾಗದದಲ್ಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಗುಬ್ಬಿ. ಫೆಬ್ರವರಿಯಿಂದ ಇಷ್ಟು ಕಾಗದ ಬರೆದಿದ್ದೇನೆ, ನಿನ್ನ ಕಾಲು ಹೇಗಿದೆ ಅಂತ ಒಂದು ಸಲವೂ ಕೇಳಿಲ್ಲ.

ಅತ್ತಿಗೆ